ಹಳೆ ಪ್ರೊಜೆಕ್ಟರ್, ಹಸಿರು ಪಂಚೆ: ದಾವಣಗೆರೆಯ ಒಂದು ಕ್ಯಾಲಿಬ್ರೇಷನ್ ಪ್ರಕರಣ

ಕ್ಯಾಲಿಬ್ರೇಷನ್ ಅಂದ್ರೆ ಮೀಟರಿನಲ್ಲಿ ಅಳೆದು ಬಣ್ಣ ಸರಿ ಮಾಡೋದು. ಮೊದಲು ಸಾಮಾನಿನ ವಿವರ. 2011ರಲ್ಲಿ ಕೊಂಡ ತ್ರೀ-ಎಲ್‌ಸಿಡಿ ಫುಲ್ ಎಚ್‌ಡಿ ಪ್ರೊಜೆಕ್ಟರ್, ಅಂದ್ರೆ ಕೆಂಪು, ಹಸಿರು, ನೀಲಿಗೆ ಒಂದೊಂದು ಎಲ್‌ಸಿಡಿ ಪ್ಯಾನೆಲ್ ಇರುವಂಥದ್ದು. ಕಂಪನಿ ಹೆಸರು ಬೇಡ. ಆ ಕಾಲದ ಈ ಜಾತಿಯ ಪ್ರೊಜೆಕ್ಟರ್‌ಗಳ ಕಥೆ ಹೆಚ್ಚು ಕಡಿಮೆ ಒಂದೇ. 100 ಇಂಚಿನ ಬಿಳಿ ಮ್ಯಾಟ್ ಪರದೆ, ಅದೂ ಅಷ್ಟೇ ಹಳೆಯದು. ಲ್ಯಾಂಪ್ ಒಂದು ಸಲ ಬದಲಾಗಿದೆ. ಈಗ ಇರುವುದು ಕಂಪನಿಯದ್ದಲ್ಲ, ಆನ್‌ಲೈನಲ್ಲಿ ಅಗ್ಗಕ್ಕೆ ಸಿಕ್ಕಿದ್ದು, ಸುಮಾರು 1,900 ಗಂಟೆ ಉರಿದಿದೆ. ಮನೆ ದಾವಣಗೆರೆಯಲ್ಲಿ, ನನ್ನ ಭಾವನದು. ಮೊದಲ ಮಹಡಿಯ ಹಾಲ್, ತಿಳಿ ಹಳದಿ ಗೋಡೆ, ಬಿಳಿ ಸೀಲಿಂಗ್, ನೆಲಕ್ಕೆ ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್. ಸಿನಿಮಾ ನೋಡೋಕೆ ಇದಕ್ಕಿಂತ ಕೆಟ್ಟ ಕೋಣೆಗಳೂ ಇವೆ ಬಿಡಿ, ಆದರೆ ಜಾಸ್ತಿ ಇಲ್ಲ.

ದೂರು ಹೀಗಿತ್ತು. ಬಿಳಿ ಪಂಚೆ ತಿಳಿ ಹಸಿರಾಗಿ ಕಾಣುತ್ತೆ. ಕುಂಕುಮ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಯಾರ ಮುಖದಲ್ಲೂ ಕಳೆ ಇಲ್ಲ. ಕ್ರಿಕೆಟ್ ಮೈದಾನದ ಹುಲ್ಲು ಮಾತ್ರ ಕಣ್ಣಿಗೆ ಚುಚ್ಚುವಷ್ಟು ಹಸಿರು. ಭಾವನ ತಾಯಿ ಒಂದು ರಾತ್ರಿ ಹಳೆ ಕಪ್ಪು-ಬಿಳುಪು ಸಿನಿಮಾ ನೋಡ್ತಾ "ಇದಕ್ಕೂ ಈಗ ಬಣ್ಣ ಹಾಕಿದಾರೇನೋ?" ಅಂತ ಕೇಳಿದರಂತೆ.

ಎಲ್ಲರೂ ನಕ್ಕು ಬಿಟ್ಟುಬಿಟ್ಟ ಆ ಮಾತೇ ನನಗೆ ಸಿಕ್ಕ ಅತಿ ಉಪಯೋಗದ ಸುಳಿವು. ಬಣ್ಣದ ಸಿನಿಮಾದಲ್ಲಿ ಮುಖ ಹಳದಿ ಕಂಡರೆ ಕ್ಯಾಮೆರಾದವರೇ ಹಾಗೆ ತೆಗೆದಿರಬಹುದು, ಹೇಳೋಕಾಗಲ್ಲ. ಕಪ್ಪು-ಬಿಳುಪಿನಲ್ಲಿ ಬಣ್ಣವೇ ಇಲ್ಲ. ಅಲ್ಲಿ ಪರದೆ ಮೇಲೆ ಕಾಣುವ ಒಂದೊಂದು ಬಣ್ಣವೂ ನಮ್ಮ ಸಾಮಾನಿನದ್ದೇ. ನೀವು ನಿಮ್ಮ ಪ್ರೊಜೆಕ್ಟರ್ ಪರೀಕ್ಷೆ ಮಾಡಬೇಕಂದ್ರೆ ಇದೇ ಮೊದಲು ಮಾಡಿ, ಖರ್ಚಿಲ್ಲ.

ಭಾವ ಅಷ್ಟರಲ್ಲಿ ತೀರ್ಮಾನ ಮಾಡಿ ಆಗಿತ್ತು. ಪರದೆ ಹಳದಿಯಾಗಿದೆ, ಲ್ಯಾಂಪ್ ಮುಗಿದಿದೆ, ಎರಡೂ ಹೊಸದು ತರಬೇಕು. "ಎರಡೂ ಸೇರಿ ಎಷ್ಟಾಗುತ್ತೆ ನೋಡಿ ಹೇಳಪ್ಪ" ಅಂದರು. "ತಡೀರಿ ಭಾವ, ಮೊದಲು ಅಳೆಯೋಣ" ಅಂದೆ. ಕೊನೆಗೆ ಎರಡನ್ನೂ ತರಲಿಲ್ಲ.

ಲ್ಯಾಂಪಿನಲ್ಲಿ ಕೆಂಪೇ ಕಡಿಮೆ

ಈ ಪ್ರೊಜೆಕ್ಟರ್‌ಗಳ ಲ್ಯಾಂಪನ್ನು ಯುಎಚ್‌ಪಿ ಅಂತಾರೆ. ಫಿಲಿಪ್ಸ್‌ನವರು 1990ರ ದಶಕದಲ್ಲಿ ತಂದದ್ದು. ಪುಟ್ಟ ಗಾಜಿನ ಬುರುಡೆಯೊಳಗೆ ಪಾದರಸದ ಆವಿ, ವಾತಾವರಣದ ಒತ್ತಡಕ್ಕಿಂತ ಸುಮಾರು ಇನ್ನೂರು ಪಟ್ಟು ಒತ್ತಡ, ಮಧ್ಯೆ ಒಂದು ಮಿಲಿಮೀಟರ್ ಆಸುಪಾಸಿನ ಸಂದಿಯಲ್ಲಿ ಕಿಡಿ. ಬೆಳಕೇನೋ ಭರ್ಜರಿ. ಆದರೆ ಅದು ಸಮವಾಗಿ ಹರಡಿದ ಬೆಳಕಲ್ಲ. 436 ನ್ಯಾನೋಮೀಟರ್ ತರಂಗಾಂತರದ ಹತ್ತಿರ ನೀಲಿ, 546ರಲ್ಲಿ ಹಸಿರು, 578ರ ಹತ್ತಿರ ಹಳದಿ, ಈ ಮೂರು ಜಾಗದಲ್ಲಿ ಬೆಳಕು ಗುಡ್ಡೆಯಾಗಿ ನಿಂತಿರುತ್ತೆ. 600 ದಾಟಿ ಕೆಂಪಿನ ಕಡೆ ಹೋದರೆ ತೆಳ್ಳಗಾಗಿಬಿಡುತ್ತೆ.

ಈಗ ಮಾರಾಟದ ಲೆಕ್ಕ ನೋಡಿ. ಡಬ್ಬದ ಮೇಲೆ ಲ್ಯೂಮೆನ್ಸ್, ಅಂದ್ರೆ ಒಟ್ಟು ಬೆಳಕಿನ ಅಳತೆ, ಜಾಸ್ತಿ ಬರೆಯಬೇಕು. ನಮ್ಮ ಕಣ್ಣಿಗೆ ಹೊಳಪು ಅನ್ನಿಸುವುದರಲ್ಲಿ ದೊಡ್ಡ ಪಾಲು ಹಸಿರಿನದ್ದು. ಎಚ್‌ಡಿ ವಿಡಿಯೋದ ಬಣ್ಣದ ನಿಯಮ, ಅಂದ್ರೆ ರೆಕ್. 709 ಪ್ರಕಾರ, ಬಿಳಿಯ ಹೊಳಪಿನಲ್ಲಿ ಹಸಿರಿನ ಪಾಲು ಶೇ 71.5, ಕೆಂಪಿನದು ಶೇ 21, ನೀಲಿಯದು ಶೇ 7 ಅಷ್ಟೇ. ಹಾಗಾಗಿ ಹಸಿರನ್ನು ತಡೆಯದೆ ಪೂರ್ತಿ ಬಿಟ್ಟುಬಿಟ್ಟರೆ ಲ್ಯೂಮೆನ್ಸ್ ಸಿಗುತ್ತೆ. ಡೈನಾಮಿಕ್ ಅನ್ನುವ ಮೋಡ್ ಇರುವುದೇ ಇದಕ್ಕೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಗಿರಾಕಿಗೆ ತೋರಿಸೋಕೆ ಅದು ಸರಿ, ಮನೆಯಲ್ಲಿ ರಾತ್ರಿ ಹೊತ್ತು ಅಲ್ಲ.

ಸರಿಯಾದ ಬಿಳಿ ಬೇಕಂದ್ರೆ ಮೂರೂ ಬಣ್ಣ ಜೊತೆಯಾಗಿ ನಡೆಯಬೇಕು. ಮೂರು ಎತ್ತು ಕಟ್ಟಿದ ಗಾಡಿಯಲ್ಲಿ ಒಂದು ಎತ್ತು ಬಡಕಲಾದರೆ ಉಳಿದೆರಡನ್ನು ಹಿಡಿದು ನಡೆಸಬೇಕೇ ಹೊರತು ಬಡಕಲು ಎತ್ತಿಗೆ ಹೊಡೆದು ಪ್ರಯೋಜನ ಇಲ್ಲ. ಇಲ್ಲಿ ಬಡಕಲು ಕೆಂಪು. ಮೆನುವಿನಲ್ಲಿ ಕೆಂಪನ್ನು ಎಷ್ಟು ಏರಿಸಿದರೂ ಲ್ಯಾಂಪಿನಲ್ಲಿ ಇಲ್ಲದ ಕೆಂಪು ಹುಟ್ಟಲ್ಲ. ಹಸಿರು, ನೀಲಿ ಎರಡನ್ನೂ ಇಳಿಸಿ ಕೆಂಪಿನ ಮಟ್ಟಕ್ಕೆ ತರಬೇಕು, ಇಳಿಸಿದಷ್ಟೂ ಚಿತ್ರ ಮಂಕಾಗುತ್ತೆ. ಈ ಪ್ರಕರಣದಲ್ಲಿ ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ: ಹಳೆ ಪ್ರೊಜೆಕ್ಟರಿನಲ್ಲಿ ಬಣ್ಣ ಸರಿ ಮಾಡೋದಕ್ಕೆ ಬೆಳಕು ಖರ್ಚಾಗುತ್ತೆ. ಆದ್ದರಿಂದ ಮೆನು ಮುಟ್ಟುವ ಮೊದಲು ಬೆಳಕು ಎಲ್ಲೆಲ್ಲಿ ಸುಮ್ನೆ ಸೋರಿ ಹೋಗ್ತಿದೆ ಅಂತ ಹುಡುಕಿ ಉಳಿಸಿಕೊಳ್ಳಬೇಕು.

ಮೊದಲ ಅಳತೆ

ನನ್ನ ಹತ್ತಿರ ಇರುವುದು ಎಕ್ಸ್-ರೈಟ್‌ನ ಐ1 ಡಿಸ್‌ಪ್ಲೇ ಪ್ರೊ ಮೀಟರ್. ಲ್ಯಾಪ್‌ಟಾಪಿನಲ್ಲಿ ಎಚ್‌ಸಿಎಫ್‌ಆರ್ ಅನ್ನುವ ಉಚಿತ ತಂತ್ರಾಂಶ. ಮೀಟರನ್ನು ಟ್ರೈಪಾಡ್ ಮೇಲೆ ಕೂರಿಸಿ, ಪರದೆಯಿಂದ ಒಂದೂವರೆ ಅಡಿ ದೂರದಲ್ಲಿ, ತನ್ನ ನೆರಳು ತಾನೇ ಅಳೆಯದ ಹಾಗೆ ಸ್ವಲ್ಪ ವಾರೆಯಾಗಿ ತಿರುಗಿಸಿ ಇಟ್ಟೆ. ಲೆನ್ಸ್ ಕಡೆ ಮುಖ ಮಾಡಿಯೂ ಅಳೆಯಬಹುದು. ಆದರೆ ಆಗ ಪರದೆಯ ಬಣ್ಣ ಲೆಕ್ಕಕ್ಕೆ ಬರಲ್ಲ. ಇಲ್ಲಿ ಪರದೆ ಮೇಲೇ ಅನುಮಾನ ಇದ್ದದ್ದರಿಂದ ಪರದೆಯಿಂದ ತಿರುಗಿ ಬಂದ ಬೆಳಕನ್ನೇ ಅಳೆಯಬೇಕಿತ್ತು. ಮೀಟರ್ ಸೆಟ್ಟಿಂಗಿನಲ್ಲಿ ಡಿಸ್‌ಪ್ಲೇ ಬಗೆಯನ್ನು ಪ್ರೊಜೆಕ್ಟರ್ ಅಂತ ಆರಿಸೋದು ಮರೀಬೇಡಿ. ಪಾದರಸದ ಬೆಳಕು ಹಾಗೆ ಗುಡ್ಡೆ ಗುಡ್ಡೆಯಾಗಿರುವುದರಿಂದ, ಎಲ್‌ಸಿಡಿ ಟಿವಿಗೆ ಇರುವ ತಿದ್ದುಪಡಿ ಹಾಕಿಕೊಂಡರೆ ಮೀಟರೇ ದಾರಿ ತಪ್ಪುತ್ತೆ.

ಅಳೆಯೋಕೆ ಮುಂಚೆ ಅರ್ಧ ಗಂಟೆ ಲ್ಯಾಂಪ್ ಉರಿಯಲು ಬಿಟ್ಟೆ, ಆಟೋ ಐರಿಸ್ ಆಫ್ ಮಾಡಿದೆ. ದೃಶ್ಯಕ್ಕೆ ತಕ್ಕ ಹಾಗೆ ಬೆಳಕು ಏರಿಳಿಸುವ ಐರಿಸ್ ಆನ್ ಇದ್ದರೆ ಒಂದು ಅಳತೆಗೂ ಇನ್ನೊಂದಕ್ಕೂ ತಾಳೆಯಾಗಲ್ಲ.

ಭಾವ ದಿನಾ ನೋಡ್ತಿದ್ದದ್ದು ಡೈನಾಮಿಕ್ ಮೋಡ್. ಅದರಲ್ಲಿ ಪೂರ್ತಿ ಬಿಳಿ 70 ನಿಟ್ಸ್ (ಪರದೆಯ ಹೊಳಪಿನ ಅಳತೆ). ಕೆಂಪು, ಹಸಿರು, ನೀಲಿ ಮೂರೂ 100 ಇರಬೇಕಾದ ಕಡೆ ಕೆಂಪು 78, ಹಸಿರು 107, ನೀಲಿ 96. ನ್ಯಾಚುರಲ್ ಮೋಡಿಗೆ ಹಾಕಿ, ಲ್ಯಾಂಪ್ ಇಕೊದಲ್ಲಿ, ಅಂದ್ರೆ ಕಡಿಮೆ ವಿದ್ಯುತ್ತಿನ ಸೆಟ್ಟಿಂಗಿನಲ್ಲಿ, ಇಟ್ಟರೆ 41 ನಿಟ್ಸ್. ಕೆಂಪು 88, ಹಸಿರು 102, ನೀಲಿ 115.

ಈ ಎರಡು ಸಾಲು ಅಂಕಿಯ ಮೇಲೆ ಸ್ವಲ್ಪ ನಿಲ್ಲೋಣ. ಕಲರ್ ಟೆಂಪರೇಚರ್ ಅಂತ ಎಲ್ಲರೂ ಹೇಳ್ತಾರಲ್ವಾ, 6500 ಕೆಲ್ವಿನ್ ಇರಬೇಕು ಅಂತ. ಡೈನಾಮಿಕ್‌ನಲ್ಲಿ ಬಂದದ್ದು ಸುಮಾರು 7100. ನ್ಯಾಚುರಲ್‌ನಲ್ಲಿ ಸುಮಾರು 7700. ಆ ಒಂದು ಅಂಕಿ ಮಾತ್ರ ನೋಡಿದರೆ ಡೈನಾಮಿಕ್ಕೇ ಗುರಿಗೆ ಹತ್ತಿರ. ಕಣ್ಣಲ್ಲಿ ನೋಡಿದರೆ ಉಲ್ಟಾ, ನ್ಯಾಚುರಲ್ ಎಷ್ಟೋ ವಾಸಿ. ಕೆಲ್ವಿನ್ ಅಂಕಿ ಹೇಳೋದು ಬಿಳಿ ನೀಲಿಯ ಕಡೆಗಿದೆಯೋ ಕೆಂಪಿನ ಕಡೆಗಿದೆಯೋ ಅನ್ನುವುದನ್ನಷ್ಟೇ. ಹಸಿರು ಜಾಸ್ತಿಯಾಗಿದೆಯೋ ಇಲ್ಲವೋ ಅನ್ನುವುದು ಅದರೊಳಗೆ ಕಾಣಲ್ಲ. ಬಿಳಿ ಸ್ವಲ್ಪ ನೀಲಿಯಾದರೆ ಕಣ್ಣು ಬೇಗ ಒಗ್ಗಿಕೊಳ್ಳುತ್ತೆ, ಹಸಿರಾದರೆ ಅಷ್ಟು ಸುಲಭಕ್ಕೆ ಒಗ್ಗಲ್ಲ, ಅದರಲ್ಲೂ ಮುಖದ ಮೇಲೆ ಹಸಿರು ಬಂದರೆ ಮನುಷ್ಯನಿಗೆ ಹುಷಾರಿಲ್ಲವೇನೋ ಅನ್ನಿಸಿಬಿಡುತ್ತೆ. ಆದ್ದರಿಂದ ಗುರಿ 6500 ಅನ್ನುವ ಅಂಕಿ ಅಲ್ಲ, ವಿಡಿಯೋದ ಬಿಳಿಗೆ ನಿಗದಿಯಾದ ಡಿ65 ಅನ್ನುವ ಬಿಂದು. ಬಣ್ಣದ ನಕ್ಷೆಯಲ್ಲಿ ಎಕ್ಸ್ 0.3127, ವೈ 0.3290. ಎರಡೂ ಕೂಡಿ ಬರಬೇಕು.

ಇದೇ ಅಂಕಿಗಳು ಪರದೆಯ ವಿಚಾರವನ್ನೂ ತೀರ್ಮಾನಿಸಿದವು. ಪರದೆ ನಿಜಕ್ಕೂ ಹಳದಿಯಾಗಿತ್ತು, ಅನುಮಾನವಿಲ್ಲ. ಅಡುಗೆಮನೆಯ ಒಗ್ಗರಣೆ, ದೇವರಮನೆಯ ಊದುಬತ್ತಿ ಎರಡರ ಹೊಗೆಯೂ ಆ ಹಾಲಿಗೆ ಬರುತ್ತೆ. ಆದರೆ ಹಳದಿ ಪರದೆ ನುಂಗುವುದು ನೀಲಿಯನ್ನು. ಆ ಹಳದಿ ಪರದೆಯಿಂದ ತಿರುಗಿ ಬಂದ ಬೆಳಕಿನಲ್ಲೂ ನ್ಯಾಚುರಲ್ ಮೋಡಿನ ನೀಲಿ 115 ಇದೆ. ಹೇಗೂ ಕತ್ತರಿಸಿ ಬಿಸಾಡಬೇಕಾದ ನೀಲಿಯಲ್ಲಿ ಒಂದಷ್ಟನ್ನು ಪರದೆಯೇ ನುಂಗಿಕೊಂಡಿದೆ ಅಷ್ಟೇ. ಹೊಸ ಪರದೆ ತಂದಿದ್ದರೆ ನೀಲಿ ಇನ್ನೂ ಮೇಲೇರುತ್ತಿತ್ತು, ಕೆಂಪು ಹಾಗೇ ಇರುತ್ತಿತ್ತು. ದುಡ್ಡು ದಂಡ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ ಹಾಕಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿದೆವು, ಅದೇ ಸಾಕಾಯ್ತು.

ಅಂದ ಹಾಗೆ, ಪರದೆ ಹಳದಿಯಾಗಿದೆಯಾ ಅಂತ ಜೆರಾಕ್ಸ್ ಹಾಳೆ ಪಕ್ಕಕ್ಕೆ ಹಿಡಿದು ನೋಡುವವರಿದ್ದಾರೆ. ಬಿಳಿ ಕಾಗದಕ್ಕೆ ಇನ್ನೂ ಬಿಳಿ ಕಾಣಲಿ ಅಂತ ನೀಲಿ ಹೊಳಪು ಕೊಡುವ ರಾಸಾಯನಿಕ ಬೆರೆಸಿರ್ತಾರೆ. ಅದರ ಪಕ್ಕ ಹಗಲಿನಲ್ಲಿ ಯಾವ ಪರದೆ ಇಟ್ಟರೂ ಹಳದಿಯೇ.

ಮೆನು ಮುಟ್ಟುವ ಮೊದಲು

ದೊಡ್ಡ ಲಾಭ ಸಿಕ್ಕಿದ್ದು ಪ್ರೊಜೆಕ್ಟರ್ ಜಾಗ ಬದಲಿಸಿದ್ದರಿಂದ. ಅದನ್ನು ಹಿಂದಿನ ಗೋಡೆಗೆ ಅಂಟಿದ ಹಾಗೆ, ಪರದೆಯಿಂದ 16 ಅಡಿ ದೂರದಲ್ಲಿ ಸೀಲಿಂಗಿಗೆ ನೇತು ಹಾಕಿದ್ದರು. ನೋಡೋಕೆ ಚೆಂದ, ತಲೆ ಮೇಲೆ ಏನೂ ಬರಲ್ಲ. ಆದರೆ ಈ ಜೂಮ್ ಲೆನ್ಸ್‌ಗಳು ದೂರದ ತುದಿಗೆ ಹೋದಷ್ಟೂ ಕಡಿಮೆ ಬೆಳಕು ಬಿಡುತ್ತವೆ. ಅದೇ 100 ಇಂಚು ಚಿತ್ರವನ್ನು ಹತ್ತಿರದಿಂದ, ಲೆನ್ಸ್ ಅಗಲದ ತುದಿಯಲ್ಲಿಟ್ಟು ಬಿಟ್ಟರೆ ಬೆಳಕು ಜಾಸ್ತಿ. 11 ಅಡಿಗೆ ತಂದು ನೇತು ಹಾಕಿದೆವು. ಎಲೆಕ್ಟ್ರಿಷಿಯನ್ ಬಂದು ಪೈಪ್ ಎಳೆದು ಕರೆಂಟ್ ಪಾಯಿಂಟ್ ಕೊಟ್ಟ. ಎಚ್‌ಡಿಎಂಐ ಕೇಬಲ್ ಅದೃಷ್ಟಕ್ಕೆ ಉದ್ದವಾಗೇ ಇತ್ತು. ಲೆನ್ಸ್ ಮೇಲಿನ ಧೂಳೂ ಒರೆಸಿದ ಮೇಲೆ ನ್ಯಾಚುರಲ್ ಮೋಡಿನಲ್ಲಿ 41 ಇದ್ದದ್ದು 54 ನಿಟ್ಸ್ ಆಯಿತು. ಲ್ಯಾಂಪ್ ಬದಲಿಸದೆ, ಮೆನು ಮುಟ್ಟದೆ ಮೂರನೇ ಒಂದು ಪಾಲು ಬೆಳಕು ಹೆಚ್ಚು. ಈಗ ಇದನ್ನು ಬಣ್ಣಕ್ಕೆ ಖರ್ಚು ಮಾಡಬಹುದು.

ಏರ್ ಫಿಲ್ಟರ್ ಬಿಚ್ಚಿದರೆ ಧೂಳಿನ ಕಂಬಳಿ. ದಾವಣಗೆರೆಯ ಬೇಸಿಗೆ ಧೂಳು ಕಂಡವರಿಗೆ ಬೇರೆ ಹೇಳಬೇಕಿಲ್ಲ. ಫಿಲ್ಟರ್ ಕಟ್ಟಿಕೊಂಡರೆ ಬಣ್ಣ ತಕ್ಷಣ ಕೆಡಲ್ಲ, ಆದರೆ ಒಳಗೆ ಬಿಸಿ ಏರುತ್ತೆ, ಆ ಬಿಸಿಗೆ ಮೊದಲು ಬಲಿಯಾಗೋದು ನೀಲಿ ಪ್ಯಾನೆಲ್ ಮುಂದಿನ ಪೋಲರೈಸರ್, ಅಂದ್ರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಫಿಲಂ. ಈ ಮನೆಯಲ್ಲಿ ಅದರ ಗುರುತು ಆಗಲೇ ಬಿದ್ದಿತ್ತು, ಅದನ್ನು ಆಮೇಲೆ ಹೇಳ್ತೀನಿ.

ನಂತರ ವಿಡಿಯೋ ಬರುವ ದಾರಿ. ಸ್ಟ್ರೀಮಿಂಗ್ ಬಾಕ್ಸಿನಿಂದ ಎವಿ ರಿಸೀವರ್ (ಸ್ಪೀಕರ್‌ಗಳಿಗೆ ಸದ್ದು ಕೊಟ್ಟು ಚಿತ್ರವನ್ನು ಮುಂದಕ್ಕೆ ಕಳಿಸುವ ಡಬ್ಬ), ಅಲ್ಲಿಂದ ಪ್ರೊಜೆಕ್ಟರ್. ರಿಸೀವರಿನ ವಿಡಿಯೋ ಮೆನುವಿನಲ್ಲಿ ಯಾರೋ ವಿವಿಡ್ ಅಂತ ಆರಿಸಿಟ್ಟಿದ್ದರು. ಅದು ಒಂದು ಸಲ ಬಣ್ಣ ಏರಿಸ್ತಿತ್ತು, ಅದರ ಮೇಲೆ ಪ್ರೊಜೆಕ್ಟರಿನ ಡೈನಾಮಿಕ್ ಇನ್ನೊಂದು ಸಲ. ಮೈದಾನದ ಹುಲ್ಲು ಹಾಗಾಗಿದ್ದು ಇದರಿಂದ. ರಿಸೀವರ್ ಚಿತ್ರವನ್ನು ಮುಟ್ಟದೆ ಹಾಗೇ ಮುಂದಕ್ಕೆ ಕಳಿಸುವ ಹಾಗೆ ಮಾಡಿದೆ. ಬಾಕ್ಸಿನಲ್ಲಿ ಇನ್ನೊಂದು ಎಡವಟ್ಟು: ಅದು ಆರ್‌ಜಿಬಿ ಫುಲ್, ಅಂದ್ರೆ ಕಪ್ಪಿಗೆ 0, ಬಿಳಿಗೆ 255 ಅನ್ನುವ ಲೆಕ್ಕದಲ್ಲಿ ಕಳಿಸ್ತಿತ್ತು, ಪ್ರೊಜೆಕ್ಟರ್ 16ರಿಂದ 235ರ ವಿಡಿಯೋ ಲೆಕ್ಕದಲ್ಲಿ ಓದ್ತಿತ್ತು. ಹೀಗಾದರೆ 16ಕ್ಕಿಂತ ಕೆಳಗಿನ ಕತ್ತಲೆಲ್ಲ ಒಂದೇ ಕಪ್ಪು, 235ರ ಮೇಲಿನ ಬೆಳಕೆಲ್ಲ ಒಂದೇ ಬಿಳಿ. ಕೂದಲಿನ ಎಳೆ, ಪಂಚೆಯ ನೆರಿಗೆ ಎರಡೂ ಮಾಯ. ಎರಡೂ ಕಡೆ ವಿಡಿಯೋ ಲೆಕ್ಕವೇ ಇರುವ ಹಾಗೆ ಸರಿ ಮಾಡಿದೆ. ಎಚ್‌ಡಿಆರ್ (ಬೆಳಕು-ಕತ್ತಲ ಹರವು ಹೆಚ್ಚಿರುವ ಹೊಸ ಬಗೆಯ ವಿಡಿಯೋ) ಕೂಡ ಬಾಕ್ಸಿನಲ್ಲೇ ಆಫ್. ಆ ಕಾಲದ ಪ್ರೊಜೆಕ್ಟರಿಗೆ ಎಚ್‌ಡಿಆರ್ ಅಂದ್ರೇನೇ ಗೊತ್ತಿಲ್ಲ, ಸುಮ್ನೆ ಕಳಿಸಿದರೆ ಚಿತ್ರ ಬೂದಿ ಬಡಿದ ಹಾಗೆ ಕಾಣುತ್ತೆ.

ಕೋಣೆಯ ವಿಷಯಕ್ಕೆ ಅಕ್ಕನ ಒಪ್ಪಿಗೆ ಬೇಕಿತ್ತು. ಪರದೆಯ ಬೆಳಕು ಹಳದಿ ಗೋಡೆಗೆ ಬಿದ್ದು ಹಳದಿಯಾಗಿ ವಾಪಸ್ ಪರದೆಗೇ ಬರುತ್ತೆ, ಕತ್ತಲ ಭಾಗಗಳಿಗೆಲ್ಲ ಹಳದಿ ಕವಿಯುತ್ತೆ. ಗೋಡೆಯನ್ನು ಬೂದು ಮಾಡೋಣ್ವಾ ಅಂದೆ. "ಸುಣ್ಣ-ಬಣ್ಣ ಮಾಡಿಸಿ ವರ್ಷ ಆಗಿಲ್ಲ, ಸೀಲಿಂಗ್ ಮಾತಂತೂ ಎತ್ತಲೇಬೇಡ" ಅಂದಳು. ಪರದೆ ಪಕ್ಕದ ನಾಲ್ಕೈದು ಅಡಿ ಗೋಡೆಗೆ ಎರಡೂ ಕಡೆ ಎಳೆದು ಸರಿಸುವ ಗಾಢ ಮೆರೂನ್ ಪರದೆಬಟ್ಟೆ, ನೆಲಕ್ಕೆ ಗಾಢ ಬಣ್ಣದ ಜಮಖಾನ, ಇಷ್ಟಕ್ಕೆ ರಾಜಿ ಆಯ್ತು. ಪರದೆಗೆ ಹತ್ತಿರ ಇರುವ ಜಾಗವೇ ಅತಿ ಹೆಚ್ಚು ಬೆಳಕು ವಾಪಸ್ ಕಳಿಸೋದು, ಹಾಗಾಗಿ ಇಷ್ಟಾದರೂ ಮುಕ್ಕಾಲು ಕೆಲಸ ಆದಂತೆಯೇ.

ಗ್ರೇಸ್ಕೇಲ್

ಕಪ್ಪಿನಿಂದ ಬಿಳಿಯವರೆಗಿನ ಬೂದು ಮೆಟ್ಟಿಲುಗಳಿಗೆ ಗ್ರೇಸ್ಕೇಲ್ ಅಂತಾರೆ, ಅವುಗಳಲ್ಲಿ ಯಾವ ಬಣ್ಣವೂ ಬೆರೆಯದ ಹಾಗೆ ಮಾಡೋದು ಈ ಹಂತದ ಕೆಲಸ. ಮೋಡ್ ಯಾವುದು ಆರಿಸಬೇಕು ಅನ್ನುವುದು ಮೊದಲ ಪ್ರಶ್ನೆ. ಡೈನಾಮಿಕ್‌ನಲ್ಲಿ ಬೆಳಕು ಜಾಸ್ತಿ ಇದೆ, ಅದನ್ನೇ ತಿದ್ದಿದರೆ ಆಗಲ್ವಾ? ಇಲ್ಲಿ ಆಗಲ್ಲ. ಈ ಪ್ರೊಜೆಕ್ಟರಿನಲ್ಲಿ ನ್ಯಾಚುರಲ್ ಮೋಡಿಗೆ ಹೋದಾಗ ಒಳಗೆ ಟಕ್ ಅಂತ ಸದ್ದಾಗುತ್ತೆ. ಬೆಳಕಿನ ದಾರಿಗೆ ಒಂದು ಫಿಲ್ಟರ್ ಅಡ್ಡ ಬರುವ ಸದ್ದು ಅದು. ಆ ಫಿಲ್ಟರಿನ ಕೆಲಸ ಪಾದರಸದ ಹಳದಿ ಗೆರೆಯನ್ನು ತಡೆಯೋದು. ಡೈನಾಮಿಕ್‌ನಲ್ಲಿ ಅದು ಪಕ್ಕಕ್ಕೆ ಸರಿಯುತ್ತೆ, ಹಳದಿ ಬೆಳಕು ಕೆಂಪಿನೊಳಗೆ ಬೆರೆಯುತ್ತೆ. ಅಳೆದರೆ ಕೆಂಪು ಎಕ್ಸ್ 0.62, ವೈ 0.35ರ ಹತ್ತಿರ. ಇರಬೇಕಾದ್ದು 0.640, 0.330. ಕುಂಕುಮ ಇಟ್ಟಿಗೆಯಾಗಿದ್ದಕ್ಕೆ ಕಾರಣ ಸಿಕ್ತಲ್ಲ. ಬೆಳಕಿನಲ್ಲೇ ಬೆರೆತ ಹಳದಿಯನ್ನು ಮೆನುವಿನಿಂದ ಬೇರೆ ಮಾಡೋಕಾಗಲ್ಲ. ಹಾಗಾಗಿ ನ್ಯಾಚುರಲ್ಲೇ ಗತಿ.

ಮೊದಲು ಬ್ರೈಟ್‌ನೆಸ್, ಕಾಂಟ್ರಾಸ್ಟ್ ಎರಡನ್ನೂ ಟೆಸ್ಟ್ ಪ್ಯಾಟರ್ನ್ ನೋಡಿ ಕೂರಿಸಿದೆ. ಕಪ್ಪಿಗಿಂತ ಒಂದು ಮೆಟ್ಟಿಲು ಮೇಲಿನ ಪಟ್ಟಿ ಕಂಡೂ ಕಾಣದ ಹಾಗಿರಬೇಕು, ಅದಕ್ಕೂ ಕೆಳಗಿನದು ಕಾಣಬಾರದು. ಆಮೇಲೆ ಗೇನ್, ಆಫ್‌ಸೆಟ್. ಗೇನ್ ಬೆಳಕಿನ ಭಾಗಗಳನ್ನು ತಿದ್ದುತ್ತೆ, ಆಫ್‌ಸೆಟ್ ಕತ್ತಲ ಭಾಗಗಳನ್ನು. ಶೇ 80ರ ಬೂದು ಹಾಕಿ ಗೇನ್, ಶೇ 30ರ ಬೂದು ಹಾಕಿ ಆಫ್‌ಸೆಟ್, ಒಂದು ಮುಟ್ಟಿದರೆ ಇನ್ನೊಂದು ಅಲ್ಲಾಡುತ್ತೆ, ಆದ್ದರಿಂದ ಎರಡರ ನಡುವೆ ಹಿಂದೆ ಮುಂದೆ ಓಡಾಡ್ತಾನೇ ಇರಬೇಕು. ಬೇಜಾರಿನ ಕೆಲಸ, ಮುಚ್ಚುಮರೆ ಏನಿಲ್ಲ.

ಕೆಂಪಿನ ಗೇನ್ ಮುಟ್ಟಲಿಲ್ಲ. ಹಸಿರು ಸ್ವಲ್ಪ, ನೀಲಿ ಚೆನ್ನಾಗಿ ಇಳಿಸಿದೆ. ಕೆಂಪು ಏರಿಸುವ ಆಸೆ ಎಲ್ಲರಿಗೂ ಆಗುತ್ತೆ. ಏರಿಸಿದರೆ ಶೇ 80ರಲ್ಲಿ ಎಲ್ಲ ಸರಿ ಕಾಣುತ್ತೆ ಕೂಡ. ಆದರೆ ಶೇ 95, 100ಕ್ಕೆ ಹೋದಾಗ ಕೆಂಪಿನ ಪ್ಯಾನೆಲ್ ಆಗಲೇ ಪೂರ್ತಿ ತೆರೆದಿರುತ್ತೆ, ಮುಂದೆ ಹೋಗೋಕೆ ಜಾಗ ಇಲ್ಲ, ಹಸಿರು-ನೀಲಿ ಮಾತ್ರ ಮುಂದೆ ಹೋಗುತ್ತವೆ. ಮೋಡ, ಬಿಳಿ ಅಂಗಿ, ಹಣೆ ಮೇಲಿನ ಹೊಳಪು ಇವೆಲ್ಲ ತಿಳಿ ನೀಲಿ-ಹಸಿರಿಗೆ ತಿರುಗುತ್ತವೆ. ಅರ್ಧಂಬರ್ಧ ಕ್ಯಾಲಿಬ್ರೇಷನ್ ಮಾಡಿದ ಪ್ರೊಜೆಕ್ಟರ್‌ಗಳಲ್ಲಿ ನಾನು ಅತಿ ಹೆಚ್ಚು ಕಂಡ ದೋಷ ಇದು.

ಕತ್ತಲ ಕಡೆ ಕಥೆ ಬೇರೆ. ಶೇ 30ರಲ್ಲಿ ನೀಲಿ 139, ಕೆಂಪು 90 ಇತ್ತು. ಎಲ್‌ಸಿಡಿ ಪ್ಯಾನೆಲ್ ಪೂರ್ತಿ ಮುಚ್ಚಿದರೂ ಚೂರು ಬೆಳಕು ಸೋರುತ್ತೆ, ಆ ಸೋರಿಕೆ ನೀಲಿ ಛಾಯೆಯದು. ನೀಲಿ ಆಫ್‌ಸೆಟ್ ಇಳಿಸಿ ಶೇ 20ರವರೆಗೆ ಸರಿ ಮಾಡಿದೆ. ಶೇ 10ರಲ್ಲಿ ಇನ್ನೂ ನೀಲಿ ಉಳಿದಿದೆ. ಅದನ್ನು ಹಟ ಹಿಡಿದು ತಿದ್ದಬಹುದಿತ್ತು, ಕೆಂಪಿನ ಆಫ್‌ಸೆಟ್ ಏರಿಸಿ. ಹಾಗೆ ಮಾಡಿದರೆ ಕಪ್ಪು ಕಪ್ಪಾಗಿ ಉಳಿಯಲ್ಲ, ಕಂದು ಆಗುತ್ತೆ. ನನ್ನ ಪ್ರಕಾರ ಚೂರು ನೀಲಿ ಕಪ್ಪು ಕಂದು ಕಪ್ಪಿಗಿಂತ ಎಷ್ಟೋ ಮೇಲು, ಬಿಟ್ಟೆ.

ಕೊನೆಗೆ ಶೇ 80ರಲ್ಲಿ ಕೆಂಪು 99, ಹಸಿರು 100, ನೀಲಿ 101. ಶೇ 20ರಿಂದ 100ರವರೆಗೆ ದೋಷದ ಅಳತೆ, ಡೆಲ್ಟಾ ಇ, 3ರ ಒಳಗೆ. ಅದಕ್ಕಿಂತ ಕಡಿಮೆಯಾದರೆ ಸಿನಿಮಾ ಓಡುವಾಗ ಕಣ್ಣಿಗೆ ತಿಳಿಯುವುದು ಕಷ್ಟ ಅಂತ ಈ ಕೆಲಸ ಮಾಡುವವರು ಸಾಮಾನ್ಯವಾಗಿ ಒಪ್ತಾರೆ. ಗಾಮಾ, ಅಂದ್ರೆ ಕಪ್ಪಿನಿಂದ ಬಿಳಿಗೆ ಹೊಳಪು ಏರುವ ರೀತಿ, 2.2ಕ್ಕೆ ಇಟ್ಟೆ. ಪೂರ್ತಿ ಕತ್ತಲ ಕೋಣೆಯಾಗಿದ್ದರೆ 2.4 ಇಡ್ತಿದ್ದೆ, ಆ ಬಿಳಿ ಸೀಲಿಂಗ್ ಇರುವ ತನಕ ಬೇಡ. ಬೆಳಕು 54ರಿಂದ 47 ನಿಟ್ಸ್‌ಗೆ ಇಳಿಯಿತು. ಡಿಜಿಟಲ್ ಚಿತ್ರಮಂದಿರದ ಪರದೆಗೆ ನಿಗದಿಯಾಗಿರುವ ಮಟ್ಟ 48. ಪ್ರೊಜೆಕ್ಟರನ್ನು ಮುಂದಕ್ಕೆ ತರದೆ ಇದೇ ಕೆಲಸ ಮಾಡಿದ್ದರೆ 36ರ ಹತ್ತಿರ ನಿಲ್ಲುತ್ತಿತ್ತು, ಭಾವ ಒಂದೇ ವಾರದಲ್ಲಿ ಮತ್ತೆ ಡೈನಾಮಿಕ್‌ಗೆ ಹೋಗ್ತಿದ್ದರು.

ಉಳಿದ ಬಣ್ಣಗಳು

ಇಲ್ಲಿ ಜಾಸ್ತಿ ಹೇಳೋದಿಲ್ಲ, ಯಾಕಂದ್ರೆ ಜಾಸ್ತಿ ಮಾಡಲಿಲ್ಲ. ಮೂರು ಪ್ಯಾನೆಲ್ಲಿನ ಪ್ರೊಜೆಕ್ಟರಿನಲ್ಲಿ ಬಿಳಿ ಅಂದ್ರೆ ಕೆಂಪು, ಹಸಿರು, ನೀಲಿ ಮೂರರ ಮೊತ್ತ ಅಷ್ಟೇ. ಬಿಳಿ ಸರಿಯಾದ ಕೂಡಲೇ ಅದರ ಹೊಳಪಿನಲ್ಲಿ ಕೆಂಪಿನ ಪಾಲು ತಾನಾಗೇ ಶೇ 18.5ರಿಂದ 21ಕ್ಕೆ ಬಂದು ನಿಂತಿತು. ಮುಖದಲ್ಲಿ ಕಳೆ ಬಂದದ್ದು ಅಲ್ಲೇ. ಬಣ್ಣದ ಮೆನುವಿನಲ್ಲಿ ಮುಟ್ಟಿದ್ದು ಹಸಿರೊಂದೇ, ಅದು ಗುರಿಗಿಂತ ಗಾಢವಾಗಿತ್ತು, ಸ್ಯಾಚುರೇಷನ್ ಒಂದಿಷ್ಟು ಇಳಿಸಿದೆ. ಹಳೆ ಪ್ರೊಜೆಕ್ಟರ್‌ಗಳ ಬಣ್ಣದ ಮೆನುವನ್ನು ಜಾಸ್ತಿ ಎಳೆದಾಡಿದರೆ ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣಲು ಶುರುವಾಗುತ್ತೆ. ಅಂಕಿ ಚೆಂದ ಮಾಡೋಕೆ ಹೋಗಿ ಚಿತ್ರ ಕೆಡಿಸಬಾರದು. ಸಿಂಗಲ್ ಚಿಪ್ ಡಿಎಲ್‌ಪಿ, ಅಂದ್ರೆ ಒಂದೇ ಚಿಪ್ಪು, ತಿರುಗುವ ಬಣ್ಣದ ಚಕ್ರ ಇರುವ ಬಗೆಯ ಪ್ರೊಜೆಕ್ಟರ್, ಇರುವವರಿಗೆ ಈ ಮೊತ್ತದ ಲೆಕ್ಕ ಹಾಗೇ ನಡೆಯಲ್ಲ. ಬಣ್ಣದ ಚಕ್ರದಲ್ಲಿ ಬಿಳಿ ತುಂಡು ಇದ್ದರೆ ಬಿಳಿಯ ಹೊಳಪು ಮೂರು ಬಣ್ಣದ ಮೊತ್ತಕ್ಕಿಂತ ಮೇಲೆ ಹೋಗಿರುತ್ತೆ. ಅವರು ಮೊದಲು ಮೆನುವಿನಲ್ಲಿ ಹೊಳಪು ಏರಿಸುವ ಬ್ರಿಲಿಯಂಟ್ ಕಲರ್ ಅನ್ನುವುದನ್ನು ಇಳಿಸಿ ಅಥವಾ ಆಫ್ ಮಾಡಿ ಆಮೇಲೆ ಅಳೆಯಬೇಕು.

ಮೀಟರ್ ಇಲ್ಲದವರು ಏನು ಮಾಡೋದು ಅಂದ್ರೆ, ಮೇಲೆ ಹೇಳಿದ್ದರಲ್ಲಿ ಅರ್ಧಕ್ಕೆ ಮೀಟರ್ ಬೇಕಿಲ್ಲ. ಮೋಡ್, ಜಾಗ, ಗೋಡೆ, ಬಾಕ್ಸಿನ ಸೆಟ್ಟಿಂಗ್ ಇವೆಲ್ಲ ಬಿಟ್ಟಿ. ಎವಿಎಸ್ ಎಚ್‌ಡಿ 709 ಅನ್ನುವ ಉಚಿತ ಟೆಸ್ಟ್ ಪ್ಯಾಟರ್ನ್ ಸಿಗುತ್ತೆ. ಅದರಲ್ಲಿ ಕಪ್ಪು, ಬಿಳಿಯ ಮಟ್ಟ ಕಣ್ಣಲ್ಲೇ ಕೂರಿಸಬಹುದು. ಗ್ರೇಸ್ಕೇಲ್ ಮಾತ್ರ ಕಣ್ಣಲ್ಲಿ ಆಗದ ಕೆಲಸ, ನೋಡ್ತಾ ನೋಡ್ತಾ ಕಣ್ಣು ಎದುರಿಗಿರುವ ಬಿಳಿಗೆ ಎಷ್ಟೋ ಮಟ್ಟಿಗೆ ಒಗ್ಗಿಕೊಳ್ಳುತ್ತೆ. ಫೋನ್ ಕ್ಯಾಮೆರಾ ಹಿಡಿದು ನೋಡೋದಂತೂ ಬೇಡವೇ ಬೇಡ, ಅದು ತಾನೇ ಬಿಳಿಯನ್ನು ತಿದ್ದಿಕೊಂಡು ತೋರಿಸುತ್ತೆ. ಇನ್ನೊಬ್ಬರ ಮನೆಯ ಗೇನ್, ಆಫ್‌ಸೆಟ್ ಅಂಕಿಗಳನ್ನು ನಕಲು ಮಾಡೋದೂ ವ್ಯರ್ಥ. ಅದೇ ಮಾಡೆಲ್ ಆದರೂ ಲ್ಯಾಂಪ್ ಬೇರೆ, ಉರಿದ ಗಂಟೆ ಬೇರೆ, ಪರದೆ ಬೇರೆ. ಅದಕ್ಕೇ ಈ ಬರಹದಲ್ಲಿ ಮೆನುವಿನ ಅಂಕಿ ಕೊಟ್ಟಿಲ್ಲ.

ಒಪ್ಪಿದ್ದು, ಉಳಿದದ್ದು

ಮೊದಲ ದಿನ ಭಾವನಿಗೆ ಹಿಡಿಸಲಿಲ್ಲ. "ಏನಪ್ಪಾ, ಎಲ್ಲ ಕೆಂಪಾಯ್ತಲ್ಲ" ಅಂದರು. ವರ್ಷಗಟ್ಟಲೆ ಹಸಿರು ಬಿಳಿ ನೋಡಿದ ಕಣ್ಣಿಗೆ ನಿಜವಾದ ಬಿಳಿ ಕೆಂಪಾಗೇ ಕಾಣುತ್ತೆ. "ಒಂದು ವಾರ ಮುಟ್ಟಬೇಡಿ ಭಾವ, ಆಮೇಲೆ ಬೇಕಾದರೆ ಹಳೆ ಮೋಡ್ ಹಾಕಿ" ಅಂತ ಕೇಳಿಕೊಂಡೆ. ಹಗಲಿನ ಕ್ರಿಕೆಟ್ಟಿಗೆ ಬೇರೆ ಮೆಮೊರಿ ಮಾಡಿಕೊಟ್ಟೆ, ಲಿವಿಂಗ್ ರೂಮ್ ಮೋಡಿನಲ್ಲಿ ಹಸಿರು ಮಾತ್ರ ಇಳಿಸಿ. ಕಿಟಕಿ ತೆರೆದಿರುವಾಗ ನಿಖರ ಬಣ್ಣಕ್ಕೆ ಗುದ್ದಾಡೋದರಲ್ಲಿ ಅರ್ಥ ಇಲ್ಲ. ವಾರ ಕಳೆದ ಮೇಲೆ ಫೋನ್ ಮಾಡಿ, ಡೈನಾಮಿಕ್ ಹಾಕಿ ನೋಡಿದೆ, ಇಷ್ಟು ದಿನ ಇದನ್ನ ಹೇಗೆ ನೋಡ್ತಿದ್ವಿ ಅಂತ ಕೇಳಿದರು. ಅವರ ತಾಯಿಗೆ ಈಗ ಕಪ್ಪು-ಬಿಳುಪು ಸಿನಿಮಾ ಕಪ್ಪು-ಬಿಳುಪಾಗೇ ಕಾಣುತ್ತಂತೆ.

ಲ್ಯಾಂಪ್ ಸದ್ಯಕ್ಕೆ ಅದೇ ಇದೆ. ಡಬ್ಬದ ಮೇಲೆ ಬರೆದ ಆಯಸ್ಸು ಅಂದ್ರೆ ಬೆಳಕು ಅರ್ಧಕ್ಕೆ ಇಳಿಯುವ ಹೊತ್ತು, ಉರಿಯೋದು ನಿಲ್ಲುವ ಹೊತ್ತಲ್ಲ. 47 ನಿಟ್ಸ್ ಬರ್ತಿರುವಾಗ ಬದಲಿಸೋಕೆ ಕಾರಣ ಇಲ್ಲ. ಆದರೆ ಹಳತಾದಷ್ಟೂ ಬಣ್ಣ ಜರುಗುತ್ತೆ, ಕೆಲವು ನೂರು ಗಂಟೆಗೊಮ್ಮೆ ಗ್ರೇಸ್ಕೇಲ್ ನೋಡ್ಕೋಬೇಕು. ಮುಂದಿನ ಸಲ ಒಳಗಿನ ಬಲ್ಬ್ ಫಿಲಿಪ್ಸ್, ಓಸ್ರಾಮ್, ಉಷಿಯೋ ಇಂಥ ಬಲ್ಬ್ ತಯಾರಕರದ್ದೇ ಇರುವ ಲ್ಯಾಂಪ್ ತರೋಕೆ ಹೇಳಿದ್ದೀನಿ. ಅಗ್ಗದ ನಕಲಿಗಳಲ್ಲಿ ಬಲ್ಬಿನಿಂದ ಬಲ್ಬಿಗೆ ಬಣ್ಣವೇ ಬೇರೆ. ಹಳೆ ಲ್ಯಾಂಪನ್ನು ಕಸದ ಬುಟ್ಟಿಗೆ ಹಾಕಬೇಡಿ, ಒಳಗೆ ಪಾದರಸ ಇದೆ, ಇ-ವೇಸ್ಟ್ ತಗೊಳ್ಳುವವರಿಗೆ ಕೊಡಿ.

ಉಳಿದದ್ದು ಬಲ ಮೇಲ್ಮೂಲೆಯ ಹಳದಿ ಕಲೆ. ಪೂರ್ತಿ ಬೂದು ಹಾಕಿದರೆ ಮಸುಕಾಗಿ ಕಾಣುತ್ತೆ. ಪೂರ್ತಿ ನೀಲಿ ಹಾಕಿದರೆ ಅದೇ ಜಾಗ ಕಪ್ಪಾಗುತ್ತೆ, ಕೆಂಪು ಹಸಿರು ಹಾಕಿದರೆ ಏನೂ ಇಲ್ಲ. ಅಂದ್ರೆ ನೀಲಿ ಪ್ಯಾನೆಲ್ಲಿನ ಪೋಲರೈಸರ್ ಅಲ್ಲಿ ಸುಟ್ಟಿದೆ. ಗೇನ್, ಆಫ್‌ಸೆಟ್ ಇಡೀ ಚಿತ್ರಕ್ಕೆ ಅನ್ವಯಿಸುವುದರಿಂದ ಒಂದು ಮೂಲೆಯನ್ನು ಮಾತ್ರ ತಿದ್ದೋಕೆ ಬರಲ್ಲ. ಪ್ಯಾನೆಲ್, ಫಿಲಂ ಎಲ್ಲ ಸೇರಿದ ಆಪ್ಟಿಕಲ್ ಬ್ಲಾಕ್ ಪೂರ್ತಿ ಬದಲಿಸುವ ದುಡ್ಡಿಗೆ ಒಳ್ಳೆ ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರೇ ಬರುತ್ತೆ. ಆ ಫಿಲಂ ಒಂದನ್ನೇ ಬದಲಿಸಿಕೊಡುವ ರಿಪೇರಿಯವರೂ ಇದ್ದಾರೆ, ಬೆಂಗಳೂರಿನ ಎಸ್.ಪಿ. ರೋಡ್ ಕಡೆ ವಿಚಾರಿಸಬಹುದು. ಆದರೆ ಬಿಚ್ಚಿದ ಮೇಲೆ ಮೂರೂ ಪ್ಯಾನೆಲ್ ಮತ್ತೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಹೊಂದಿಕೊಳ್ಳಬೇಕು, ಒಳಗೆ ಧೂಳು ಸೇರಬಾರದು. ಕಲೆ ಸಿನಿಮಾ ನೋಡುವಾಗ ಕಾಣಲ್ಲ, ಕ್ರಿಕೆಟ್ಟಿನಲ್ಲಿ ಸ್ಕೋರ್ ಪಟ್ಟಿ ಇರೋದು ಕೆಳಗೆ. ಅದು ಪರದೆಯ ಮಧ್ಯದ ಕಡೆಗೆ ಹಬ್ಬಿದರೆ ಆಗ ನೋಡೋಣ ಅಂತ ಭಾವ ಹೇಳಿದ್ದಾರೆ. ಅಲ್ಲಿಯವರೆಗೆ ತಿಂಗಳಿಗೊಂದು ಸಲ ಫಿಲ್ಟರ್ ತೆಗೆದು ಧೂಳು ಕೊಡವೋ ಕೆಲಸ ಅವರ ಮಗನದು.